ಚೀಪಿದರೆ ಬಣ್ಣ ಹೋಗಿ ಬರೀ ಮಂಜುಗಡ್ಡೆ ಉಳಿಯುತ್ತದೆ, ಯಾಕೆ?

ಪ್ರಶ್ನೆ: ಬೇಸಿಗೆ ರಜೆಗೆ ಅಣ್ಣನ ಮಕ್ಕಳೂ ಬಂದಿದ್ದಾರೆ. ಕಲ್ಲಂಗಡಿ ರಸ ಸೋಸಿ, ಎರಡು ಚಮಚ ಸಕ್ಕರೆ ಹಾಕಿ ಐಸ್ ಕ್ಯಾಂಡಿಗೆ ಇಟ್ಟೆ. ಕಲ್ಲಿನ ಹಾಗೆ ಆಯಿತು. ನಾಲ್ಕು ಸಲ ಚೀಪುವಷ್ಟರಲ್ಲಿ ಬಣ್ಣ, ಸಿಹಿ ಎಲ್ಲ ಹೋಗಿ ಕೈಯಲ್ಲಿ ಬಿಳಿ ಮಂಜುಗಡ್ಡೆ ಉಳಿಯಿತು. ಹಾಲಿನದು ಮಾಡಿದರೆ ಮರಳು ಮರಳು. ಕರೆಂಟೂ ದಿನಕ್ಕೆ ಎರಡು ಸಲ ಹೋಗುತ್ತದೆ. ಏನು ಮಾಡಲಿ?
– ಓದುಗರು, ಅರಸೀಕೆರೆ

ಉತ್ತರ: ನಿಮ್ಮ ಕೈಗುಣದಲ್ಲಿ ದೋಷವಿಲ್ಲ, ಸಕ್ಕರೆ ಸಾಲಲಿಲ್ಲ ಅಷ್ಟೆ. ರಸ ಹೆಪ್ಪುಗಟ್ಟುವಾಗ ಮೊದಲು ಗಟ್ಟಿಯಾಗುವುದು ನೀರು. ಅದು ಹರಳಾಗುತ್ತಾ ಸಕ್ಕರೆಯನ್ನೂ ಬಣ್ಣವನ್ನೂ ಪಕ್ಕಕ್ಕೆ ತಳ್ಳುತ್ತದೆ. ಹರಳುಗಳ ಸಂದಿಯಲ್ಲಿ ಉಳಿದ ಆ ಪಾಕವನ್ನೇ ಮಕ್ಕಳು ಚೀಪಿಬಿಡುತ್ತಾರೆ. ಸಕ್ಕರೆ ಸಾಕಷ್ಟಿದ್ದರೆ ಎಲ್ಲ ನೀರೂ ಗಟ್ಟಿಯಾಗದೆ, ಕ್ಯಾಂಡಿ ಹಲ್ಲಿಗೆ ಮೆದುವಾಗುತ್ತದೆ.

ಒಂದು ಲೀಟರ್ ಕಲ್ಲಂಗಡಿ ರಸಕ್ಕೆ ಸುಮಾರು 100 ಗ್ರಾಂ ಸಕ್ಕರೆ ಬೇಕು. ತಣ್ಣಗಿದ್ದಷ್ಟೂ ನಾಲಿಗೆಗೆ ಸಿಹಿ ಕಡಿಮೆ ಗೊತ್ತಾಗುವುದರಿಂದ, ಕುಡಿದು ನೋಡಿದಾಗ ಸ್ವಲ್ಪ ಅತಿಯೇ ಅನ್ನಿಸಬೇಕು. ಹಾಗಂತ ಸಕ್ಕರೆ ಅತಿಯಾಗಿ ಸುರಿದರೆ ಮನೆಯ ಫ್ರೀಜರ್‌ನಲ್ಲಿ ಕ್ಯಾಂಡಿ ತೀರಾ ಮೆದುವಾಗಿಬಿಡುತ್ತದೆ.

ಇನ್ನೊಂದು ಉಪಾಯ ನಿಮ್ಮ ತೋಟದಲ್ಲೇ ಇದೆ. ತೆಂಗಿನ ಸೀಮೆಯವರು ನೀವು! ಎಳನೀರಿನೊಳಗಿನ ಗಂಜಿಯನ್ನು ಚಮಚದಲ್ಲಿ ಕೆರೆದು, ಎಳನೀರಿನ ಜೊತೆ ಮಿಕ್ಸಿಯಲ್ಲಿ ನುಣ್ಣಗೆ ತಿರುಗಿಸಿ, ಸಕ್ಕರೆ ಕರಗಿಸಿ ಅಚ್ಚಿಗೆ ಹಾಕಿ. ಗಂಜಿಯ ಮಂದತನ ಹರಳುಗಳನ್ನು ದೊಡ್ಡದಾಗಲು ಬಿಡುವುದಿಲ್ಲ. ನನಗೆ ಕೇಳಿದರೆ ಕಲ್ಲಂಗಡಿಗಿಂತ ಇದೇ ಮೇಲು. ಮಾವಿನ ರಸವೂ ತಾನಾಗಿಯೇ ಮಂದ, ಅದಕ್ಕೇ ಅಷ್ಟು ಚೆನ್ನಾಗಿ ಬರುತ್ತದೆ. ಸಕಲೇಶಪುರದ ಕಡೆಯ ನೆಂಟರು ಪುನರ್ಪುಳಿ ತಂದುಕೊಟ್ಟರೆ, ಹುಳಿಗೆ ತಕ್ಕಂತೆ ಸಕ್ಕರೆ ಇನ್ನಷ್ಟು ಬೇಕು.

ಬೇಗ ಹೆಪ್ಪುಗಟ್ಟಿದಷ್ಟೂ ಹರಳು ಸಣ್ಣದು. ರಸವನ್ನು ಮೊದಲು ಫ್ರಿಡ್ಜ್‌ನಲ್ಲಿ ತಣ್ಣಗೆ ಮಾಡಿ, ಪ್ಲಾಸ್ಟಿಕ್ ಅಚ್ಚಿನ ಬದಲು ಸಣ್ಣ ಸ್ಟೀಲ್ ಲೋಟಕ್ಕೆ ಹಾಕಿ, ಫ್ರೀಜರ್‌ನ ತಳಕ್ಕೆ ತಾಗುವಂತೆ ಇಡಿ. ಅರ್ಧ ಗಟ್ಟಿಯಾದ ಮೇಲೆ ಕಡ್ಡಿ ಚುಚ್ಚಿದರೆ ನೆಟ್ಟಗೆ ನಿಲ್ಲುತ್ತದೆ.

ಹಾಲಿನದು ಮರಳಾಗುವುದಕ್ಕೆ ಕಾರಣ ಅದರಲ್ಲಿನ ನೀರು. ಒಂದು ಲೀಟರ್ ಗಟ್ಟಿ ಹಾಲನ್ನು ಸಣ್ಣ ಉರಿಯಲ್ಲಿ, ಕೆನೆಯನ್ನು ಬದಿಯಿಂದ ಕೆರೆದು ಸೇರಿಸುತ್ತಾ, ಅರ್ಧಕ್ಕಿಂತ ಕಡಿಮೆಯಾಗುವ ತನಕ ಕಾಯಿಸಿ. ಆಮೇಲೆ 70 ಗ್ರಾಂ ಸಕ್ಕರೆ, ಏಲಕ್ಕಿ. ತಾಳ್ಮೆ ಬೇಕು, ಅಡ್ಡದಾರಿ ಇಲ್ಲ.

ಕರೆಂಟ್ ಹೋದಾಗ ಕರಗಿ, ಬಂದಾಗ ಮತ್ತೆ ಕಟ್ಟಿದರೂ ಹರಳು ದಪ್ಪವಾಗುತ್ತದೆ. ಫ್ರೀಜರ್‌ನ ಖಾಲಿ ಜಾಗದಲ್ಲಿ ನೀರಿನ ಬಾಟಲಿಗಳನ್ನು ಮುಕ್ಕಾಲು ತುಂಬಿಸಿ ಗಟ್ಟಿಮಾಡಿಡಿ. ಕರೆಂಟ್ ಇಲ್ಲದಾಗ ಬಾಗಿಲು ತೆಗೆಯಲೇಬೇಡಿ. ಹಾಲಿನದು ಪೂರ್ತಿ ಕರಗಿ ಬೆಚ್ಚಗಾಗಿದ್ದರೆ ದಯವಿಟ್ಟು ಚೆಲ್ಲಿಬಿಡಿ. ಫ್ರೀಜರ್ ರೋಗಾಣುಗಳನ್ನು ಕೊಲ್ಲುವುದಿಲ್ಲ, ಮಲಗಿಸುತ್ತದೆ ಅಷ್ಟೆ. ರಸಕ್ಕೆ ಬೆರೆಸುವ ನೀರೂ ಕುದಿಸಿ ಆರಿಸಿದ್ದೇ ಆಗಿರಲಿ.

ಫ್ರೀಜರ್ ನಂಬಲಾಗದ ದಿನ ಬಕೆಟ್‌ನಲ್ಲಿ ಮೂರು ಪಾಲು ಪುಡಿ ಐಸ್, ಒಂದು ಪಾಲು ಕಲ್ಲುಪ್ಪು ಕಲಸಿ, ಮುಚ್ಚಳ ಬಿಗಿಯಾದ ಸ್ಟೀಲ್ ಡಬ್ಬಿಯಲ್ಲಿ ಕಾಯಿಸಿ ಆರಿಸಿದ ಹಾಲು ಹಾಕಿ ಹೂತು ತಿರುಗಿಸುತ್ತಿರಿ. ಉಪ್ಪು ಬಿದ್ದ ಐಸ್ ಸೊನ್ನೆಗಿಂತ ಬಹಳ ಕೆಳಗೆ ತಣ್ಣಗಾಗಿ ಡಬ್ಬಿಯ ಶಾಖವನ್ನು ಎಳೆದುಕೊಳ್ಳುತ್ತದೆ. ಅದು ಚರ್ಮ ಸುಡುವಷ್ಟು ತಣ್ಣಗಿರುತ್ತದೆ. ಮಕ್ಕಳ ಕೈಗೆ ಕೊಡುವಾಗ ಡಬ್ಬಿಗೆ ಟವೆಲ್ ಸುತ್ತಿ ಕೊಡಿ.