ರಗ್ಬಿಯನ್ನೇ ವೃತ್ತಿಯಾಗಿ ಹಿಡಿದು ಬದುಕಲು ಸಾಧ್ಯವೇ?

ಪಿಯುಸಿ ಎರಡನೇ ವರ್ಷದಲ್ಲಿರುವ ನಿಮ್ಮ ಮಗ ಕಬಡ್ಡಿಯಿಂದ ರಗ್ಬಿಗೆ ಹೊರಳಿದ್ದಾನೆ, ಇನ್ನು ಓದು ಸಾಕು, ಇದನ್ನೇ ವೃತ್ತಿಯಾಗಿ ಹಿಡಿಯುತ್ತೇನೆ ಎಂದು ಹಟ ಹಿಡಿದಿದ್ದಾನೆ, ತೀರ್ಥಹಳ್ಳಿ ಕಡೆಯ ಹುಡುಗನಿಗೆ ಈ ಆಟದಲ್ಲಿ ಬದುಕು ಉಂಟೇ ಎಂದು ಕೇಳಿದ್ದೀರಿ. ಶಿವಮೊಗ್ಗದಲ್ಲಿ ದೈಹಿಕ ಶಿಕ್ಷಣ ಬೋಧಕನಾಗಿ ಎರಡೂ ಆಟಗಳನ್ನು ಕಲಿಸುತ್ತಿರುವವನು ನಾನು. ಅವನನ್ನು ಖಂಡಿತವಾಗಿ ಆಡಲು ಬಿಡಿ, ಆದರೆ ಯಾವ ಕಾರಣಕ್ಕೂ ಓದು ಬಿಡಿಸಬೇಡಿ ಎಂಬುದೇ ನನ್ನ ಸ್ಪಷ್ಟ ಅಭಿಪ್ರಾಯ.

ಹದಿನೈದು ಜನರ ರಗ್ಬಿಯಲ್ಲಿ ಆಟಗಾರನಿಗೆ ಬಹಿರಂಗವಾಗಿ ಸಂಬಳ ಕೊಡಲು ಅನುಮತಿ ದೊರೆತದ್ದೇ 1995ರ ಆಗಸ್ಟ್‌ನಲ್ಲಿ. ಅಲ್ಲಿಯವರೆಗೆ ದೇಶದ ಪರವಾಗಿ ಆಡುವವರೂ ಹೊಟ್ಟೆಪಾಡಿಗೆ ಬೇರೆ ಕೆಲಸ ಮಾಡುತ್ತಿದ್ದರು. ಈಗ ಫ್ರಾನ್ಸ್, ಇಂಗ್ಲೆಂಡ್, ಜಪಾನ್‌ಗಳ ಲೀಗ್‌ಗಳಲ್ಲಿ ಒಳ್ಳೆಯ ಹಣವಿದೆ ನಿಜ. ಆದರೆ ಅದೆಲ್ಲ ಕೆಲವೇ ವರ್ಷಗಳ ಒಪ್ಪಂದದ ಮೇಲೆ ನಿಂತ ಸಂಪಾದನೆ. ಒಪ್ಪಂದ ಮುಗಿಯುವ ಹೊತ್ತಿಗೆ ಗಾಯವಾಗಿದ್ದರೆ ಮುಂದಿನದು ಸಿಗುತ್ತದೆಂಬ ಭರವಸೆಯಿಲ್ಲ. ಆಟಗಾರನೇಕೆ, ಕ್ಲಬ್ಬೇ ಉಳಿಯುತ್ತದೆಂಬ ಖಾತರಿಯೂ ಇಲ್ಲ. ಇಂಗ್ಲೆಂಡಿನ ಅತ್ಯುನ್ನತ ಲೀಗ್‌ನಲ್ಲಿದ್ದ ವೋರ್ಸ್ಟರ್ ವಾರಿಯರ್ಸ್ ಮತ್ತು ವಾಸ್ಪ್ಸ್ 2022ರಲ್ಲಿ, ಲಂಡನ್ ಐರಿಷ್ 2023ರಲ್ಲಿ ಹಣಕಾಸಿನ ಮುಗ್ಗಟ್ಟಿನಿಂದ ಲೀಗ್‌ನಿಂದಲೇ ಹೊರಬಿದ್ದವು. ಮೊದಲಿನ ಎರಡು ತಂಡಗಳ ಆಟಗಾರರಂತೂ ಋತುವಿನ ನಡುವೆಯೇ ಕೆಲಸ ಕಳೆದುಕೊಂಡರು. ನ್ಯೂಜಿಲೆಂಡಿನ ರಿಚಿ ಮೆಕಾ 148 ಟೆಸ್ಟ್ (ಅಂತಾರಾಷ್ಟ್ರೀಯ ಪಂದ್ಯ) ಆಡಿ ಮೂವತ್ತನಾಲ್ಕನೇ ವಯಸ್ಸಿನಲ್ಲಿ ನಿವೃತ್ತರಾದದ್ದನ್ನು ಹುಡುಗರು ನನ್ನ ಮುಂದೆ ಉದಾಹರಿಸುತ್ತಾರೆ. ಅಷ್ಟು ದೀರ್ಘವಾದ ಆಟ ಲಕ್ಷದಲ್ಲೊಬ್ಬನಿಗೆ ಒಲಿಯುವಂಥದ್ದು. ಅಂಥವರೂ ನಡುವಯಸ್ಸಿಗೆ ಮೊದಲೇ ಇನ್ನೊಂದು ಕಸುಬು ಹುಡುಕಿಕೊಳ್ಳಬೇಕು.

ನಮ್ಮ ದೇಶದಲ್ಲಿ ಮುಖ್ಯವಾಗಿ ಬೆಳೆಯುತ್ತಿರುವುದು ಏಳು ಜನರ ಆಟ. ಅದು 2016ರ ರಿಯೊ ಒಲಿಂಪಿಕ್ಸ್‌ನಿಂದ ಒಲಿಂಪಿಕ್ ಕ್ರೀಡೆಯೂ ಹೌದು. ಬೆಂಗಳೂರು ಬ್ರೇವ್‌ಹಾರ್ಟ್ಸ್ ಸೇರಿ ಆರು ತಂಡಗಳ ರಗ್ಬಿ ಪ್ರೀಮಿಯರ್ ಲೀಗ್ 2025ರ ಜೂನ್‌ನಲ್ಲಿ ಮುಂಬೈಯಲ್ಲಿ ಮೊದಲ ಬಾರಿಗೆ ನಡೆದಾಗ ನನಗಾದ ಸಂತೋಷ ಅಷ್ಟಿಷ್ಟಲ್ಲ, ಏಕೆಂದರೆ ನಮ್ಮ ಹುಡುಗರು ಹೊರದೇಶಗಳ ಒಲಿಂಪಿಯನ್ನರ ಜೊತೆ ಒಂದೇ ಅಂಗಿ ತೊಟ್ಟು ಆಡಿದರು. ಹಾಗಿದ್ದರೂ ಕೆಲವು ವಾರಗಳ ಲೀಗ್ ವರ್ಷವಿಡೀ ಮನೆ ನಡೆಸುವುದಿಲ್ಲ. ಆದ್ದರಿಂದ ನೌಕರಿಯ ದಾರಿಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ: ಸೇನೆಯಲ್ಲಿ ರಗ್ಬಿ ತಂಡಗಳಿವೆ, ಮತ್ತು ಕೇಂದ್ರ ಸರ್ಕಾರ ಕ್ರೀಡಾ ಕೋಟಾ ನೇಮಕಾತಿಗೆ ಅರ್ಹವಾದ ಆಟಗಳ ಪಟ್ಟಿಗೆ 2020ರಲ್ಲಿ ರಗ್ಬಿಯನ್ನೂ ಸೇರಿಸಿದೆ.

ಊರು ದೂರವೆಂಬ ಚಿಂತೆ ಮಾತ್ರ ಬೇಡ. ಒಡಿಶಾದ ಗುಡ್ಡಗಾಡಿನ ಆದಿವಾಸಿ ಮಕ್ಕಳು ಭುವನೇಶ್ವರದ ಕಳಿಂಗ ಸಮಾಜ ವಿಜ್ಞಾನ ಸಂಸ್ಥೆಯಲ್ಲಿ ಓದುತ್ತಲೇ ಆಟ ಕಲಿತು ಭಾರತ ತಂಡಕ್ಕೆ ಆಡಿದ್ದಾರೆ. ಓದುತ್ತಲೇ ಎಂಬುದನ್ನು ನಿಮ್ಮ ಮಗನಿಗೂ ಹೇಳಿ.

ನನಗೆ ನಿಜವಾದ ಕಾಳಜಿ ಇರುವುದು ಟ್ಯಾಕಲ್, ಅಂದರೆ ಚೆಂಡು ಹಿಡಿದು ಓಡುವವನನ್ನು ತಬ್ಬಿ ಕೆಡವುವ ವಿಷಯದಲ್ಲಿ. ಕಬಡ್ಡಿಯ ರೈಡರ್‌ಗೆ ಮೈ ಹೊರಳಿಸಿ ನುಸುಳುವುದು, ತಟ್ಟನೆ ದಿಕ್ಕು ಬದಲಿಸುವುದು ಮೊದಲೇ ಗೊತ್ತಿರುವುದರಿಂದ ಏಳು ಜನರ ರಗ್ಬಿಯಲ್ಲಿ ಅವನು ಬೇಗ ಕುದುರಿಕೊಳ್ಳುತ್ತಾನೆ. ಆದರೆ ಹಿಡಿಯುವ ವಿಚಾರಕ್ಕೆ ಬಂದರೆ ಕಬಡ್ಡಿಯ ಅಭ್ಯಾಸವೇ ಅಪಾಯಕಾರಿ. ಅಂಕಣದಲ್ಲಿ ಎದುರಾಳಿ ನಾಲ್ಕು ಹೆಜ್ಜೆಯ ಅಂತರದಲ್ಲಿ ಆಡುತ್ತಿರುತ್ತಾನೆ. ರಗ್ಬಿಯಲ್ಲಿ ಅವನು ಇಪ್ಪತ್ತು ಮೀಟರ್ ಓಡಿ ಪೂರ್ತಿ ವೇಗದಲ್ಲಿ ಬರುತ್ತಾನೆ. ಆಗ ಪಾದ ಹಿಡಿಯಲು ತಲೆ ತಗ್ಗಿಸಿ ಹಾರಿದವನ ಹಣೆಗೆ ಮೊಣಕಾಲು ಬಡಿಯುತ್ತದೆ. ನಾನು ಮಕ್ಕಳನ್ನು ಮೊದಲು ಮಂಡಿಯೂರಿ ಕೂರಿಸಿ, ನಿಧಾನವಾಗಿ ನಡೆದು ಬರುವವನ ಮೇಲೆ ಅಭ್ಯಾಸ ಮಾಡಿಸುತ್ತೇನೆ: ಕಣ್ಣು ತೆರೆದಿರಬೇಕು, ಬೆನ್ನು ನೇರವಾಗಿರಬೇಕು, ಹೆಗಲು ಅವನ ತೊಡೆಗೆ ತಾಗಬೇಕು, ಎರಡೂ ತೋಳುಗಳು ಸುತ್ತಿಕೊಳ್ಳಬೇಕು, ಕೆನ್ನೆ ಅವನ ಸೊಂಟದ ಹಿಂಬದಿಗೆ ಒತ್ತಿಕೊಂಡಿರಬೇಕು. ಅವನು ಬಿದ್ದಾಗ ನಮ್ಮ ತಲೆ ಅವನ ಮೈಯಡಿ ಸಿಕ್ಕಿಕೊಳ್ಳಬಾರದು. ಇದು ರೂಢಿಯಾಗುವವರೆಗೆ ಓಡುತ್ತ ಟ್ಯಾಕಲ್ ಮಾಡಲು ಬಿಡುವುದಿಲ್ಲ. ಮಳೆಗಾಲದಲ್ಲಿ ನಮ್ಮ ಮೈದಾನಗಳ ನೆಲ ಮೆತ್ತಗಿರುವುದರಿಂದ ಬೀಳುವುದನ್ನು ಕಲಿಸಲು ಅದೇ ಒಳ್ಳೆಯ ಕಾಲ. ಬೇಸಿಗೆಯಲ್ಲಿ ಜಂಬಿಟ್ಟಿಗೆಯ ನೆಲ ಮೊಣಕೈ ಮಂಡಿಗಳ ಚರ್ಮವನ್ನೇ ಕಿತ್ತುಬಿಡುತ್ತದೆ. ಆಗ ಪಾಸಿಂಗ್ ಮತ್ತು ಓಟದ ಅಭ್ಯಾಸವಷ್ಟೇ ಸಾಕು.

ತಲೆಗೆ ಬೀಳುವ ಪೆಟ್ಟಿನ ಬಗ್ಗೆ ಇಷ್ಟು ಒತ್ತಿ ಹೇಳಲು ಕಾರಣವಿದೆ. 2003ರಲ್ಲಿ ವಿಶ್ವಕಪ್ ಗೆದ್ದ ಇಂಗ್ಲೆಂಡ್ ತಂಡದಲ್ಲಿದ್ದ ಸ್ಟೀವ್ ಥಾಂಪ್ಸನ್ ಅವರಿಗೆ ನಲವತ್ತರ ಆಸುಪಾಸಿನಲ್ಲೇ ಡಿಮೆನ್ಶಿಯಾ (ನೆನಪು ಕುಂದುವ ಮಿದುಳಿನ ಕಾಯಿಲೆ) ಇರುವುದು ಪತ್ತೆಯಾಯಿತು, ಆ ಗೆಲುವೇ ತಮಗೆ ನೆನಪಿಲ್ಲವೆಂದು ಅವರು ಹೇಳಿದ್ದಾರೆ. ಇಂದು ದೊಡ್ಡ ಪಂದ್ಯಗಳಲ್ಲಿ ತಲೆಗೆ ಪೆಟ್ಟಾದ ಅನುಮಾನ ಬಂದ ತಕ್ಷಣ ಆಟಗಾರನನ್ನು ಹೊರಗೆ ಕರೆದು ವೈದ್ಯರು ಪರೀಕ್ಷಿಸುತ್ತಾರೆ. ನಮ್ಮ ಜಿಲ್ಲಾ ಮಟ್ಟದ ಪಂದ್ಯಗಳಲ್ಲಿ ಅಂಥ ವೈದ್ಯರು ಇರುವುದೇ ಅಪರೂಪ, ಆದ್ದರಿಂದ ಅನುಮಾನವಿದ್ದರೆ ಆ ದಿನ ಮತ್ತೆ ಆಡಿಸುವುದಿಲ್ಲ ಎಂಬ ನಿಯಮವನ್ನು ತರಬೇತುದಾರನೇ ಪಾಲಿಸಬೇಕು.

ಪಿಯುಸಿ ಪರೀಕ್ಷೆ ಮುಗಿದ ಮೇಲೆ ನಿಮ್ಮ ಮಗನನ್ನು ರಗ್ಬಿ ಕ್ಲಬ್‌ಗಳಿರುವ ಬೆಂಗಳೂರಿನಲ್ಲೇ ಪದವಿಗೆ ಸೇರಿಸಿ. ಆಟ ಮುಗಿದ ಮೇಲೂ ಮೈದಾನದ ಹತ್ತಿರವೇ ಇರುವ ಆಸೆ ಅವನಿಗಿದ್ದರೆ ಫಿಸಿಯೋಥೆರಪಿ ಓದಬಹುದು, ಇಲ್ಲವೇ ಪದವಿಯ ನಂತರ ಬಿಪಿಇಡಿ (ದೈಹಿಕ ಶಿಕ್ಷಣದ ಪದವಿ) ಮಾಡಬಹುದು. ಕ್ಲಬ್ ಗೊತ್ತುಮಾಡುವ ಮೊದಲು ನೀವೇ ಹೋಗಿ ತರಬೇತುದಾರರನ್ನು ಕಾಣಿ. ತಲೆಯ ಪೆಟ್ಟನ್ನು ಹೇಗೆ ನಿಭಾಯಿಸಬೇಕೆಂದು ವರ್ಲ್ಡ್ ರಗ್ಬಿ ಸಂಸ್ಥೆ ಆನ್‌ಲೈನ್‌ನಲ್ಲಿ ಉಚಿತವಾಗಿ ಕಲಿಸುತ್ತದೆ. ಅದನ್ನು ಅವರು ಮುಗಿಸಿದ್ದಾರೆಯೇ, ಅಪಘಾತ ವಿಮೆ ಮಾಡಿಸುತ್ತಾರೆಯೇ, ಪೆಟ್ಟಾದರೆ ಯಾವ ಆಸ್ಪತ್ರೆಗೆ ಒಯ್ಯುತ್ತಾರೆ ಎಂದು ಸಂಕೋಚವಿಲ್ಲದೆ ಕೇಳಿ. ಅವರು ಮಾತು ಹಾರಿಸಿದರೆ ಬೇರೆ ಕ್ಲಬ್ ನೋಡಿ.