ಅಪ್ಪನಿಗೆ ರಕ್ತದ ಕ್ಯಾನ್ಸರ್. ಮನೆಯವರು ಏನು ಮಾಡಿದರೆ ಅವರಿಗೆ ಧೈರ್ಯ ಬರುತ್ತೆ?

ನಿಮ್ಮ ತಂದೆಗೆ ಸಿಎಂಎಲ್ (ಮಜ್ಜೆಯಲ್ಲಿ ಶುರುವಾಗುವ ಒಂದು ಬಗೆಯ ರಕ್ತದ ಕ್ಯಾನ್ಸರ್) ಅಂತ ಹೋದ ತಿಂಗಳು ಗೊತ್ತಾಯಿತು, ಅವರು ಯಾರ ಹತ್ತಿರವೂ ಮಾತಾಡುತ್ತಿಲ್ಲ, ಏನು ಮಾಡಲಿ ಅಂತ ಕೇಳಿದ್ದೀರಿ. ನನಗೂ ಅದೇ ಕಾಯಿಲೆ. 2016ರಿಂದ ಇದೆ. ಊರು ಕುಂದಾಪುರದ ಕಡೆ, ಮನೆ ಮುಂಬೈ ಹತ್ತಿರದ ಡೊಂಬಿವಲಿ, ಕೆಲಸ ಮುಂಬೈಯ ಮಾಟುಂಗಾದ ಒಂದು ಉಡುಪಿ ಹೋಟೆಲಿನ ಗಲ್ಲಾದಲ್ಲಿ.

ನನಗೆ ಗೊತ್ತಾದದ್ದು ಇಡ್ಲಿಯಿಂದ. ಬೆಳಿಗ್ಗೆ ನಾಲ್ಕು ತಿನ್ನುವವನಿಗೆ ಎರಡಕ್ಕೇ ಹೊಟ್ಟೆ ತುಂಬುತ್ತಿತ್ತು. ಎಡಗಡೆ ಪಕ್ಕೆಲುಬಿನ ಕೆಳಗೆ ಏನೋ ಭಾರ. ಗ್ಯಾಸ್ ಇರಬೇಕು ಅಂತ ಜೀರಿಗೆ ಕಷಾಯ ಕುಡಿದು ಎರಡು ತಿಂಗಳು ಕಳೆದೆ. ಕೊನೆಗೆ ರಕ್ತ ಪರೀಕ್ಷೆ ಮಾಡಿಸಿದರೆ ಬಿಳಿ ರಕ್ತಕಣ 1,90,000. ಇರಬೇಕಾದದ್ದು ಹೆಚ್ಚೆಂದರೆ 11,000. ಆ ಭಾರ ಊದಿಕೊಂಡ ಸ್ಪ್ಲೀನ್‌ದು, ಅಂದರೆ ಗುಲ್ಮದ್ದು.

ಪರೇಲಿನ ಟಾಟಾ ಕ್ಯಾನ್ಸರ್ ಆಸ್ಪತ್ರೆ ಮಾಟುಂಗಾದಿಂದ ಎರಡೇ ಸ್ಟೇಷನ್. 1941ರಿಂದ ಅಲ್ಲೇ ಇದೆ. ಇಪ್ಪತ್ತೆರಡು ವರ್ಷ ಅದೇ ಲೈನಿನಲ್ಲಿ ಓಡಾಡಿದವನು ಒಮ್ಮೆಯೂ ಆ ಕಡೆ ಇಳಿದಿರಲಿಲ್ಲ. ಹೊರಗೆ ಫುಟ್‌ಪಾತಿನಲ್ಲಿ ಬಿಹಾರ, ಬಂಗಾಳದ ಕಡೆಯವರು ಚಾಪೆ ಹಾಸಿ ಮಲಗಿದ್ದರು. ಸಂಜೆ ಹೋಗಿ ಮಲಗಲು ನನಗೊಂದು ಮನೆ ಇದೆಯಲ್ಲ ಅಂತ ಮೊದಲ ಸಲ ಅನಿಸಿದ್ದು ಅವತ್ತು. ಪರೀಕ್ಷೆಗೆ ಸೊಂಟದ ಎಲುಬಿನಿಂದ ಮಜ್ಜೆ ತೆಗೆದರು. ನೋವಿತ್ತು, ಆದರೆ ಜನ ಹೆದರಿಸುವಷ್ಟಲ್ಲ.

ಅಪ್ಪ ಯಾಕೆ ಮಾತಾಡುತ್ತಿಲ್ಲ ಅಂದಿರಿ. ನನ್ನ ವಿಷಯ ಹೇಳುತ್ತೇನೆ. ನಾನು ಸುಮ್ನೆ ಕೂತಿರುತ್ತಿದ್ದೆ, ಸಾವಿನ ಭಯಕ್ಕೆ ಅಂತ ಎಲ್ಲರೂ ತಿಳಿದಿದ್ದರು. ತಲೆಯಲ್ಲಿ ಇದ್ದದ್ದು ಬೇರೆಯೇ: ಮಗಳಿಗೂ ಇದು ಬಂದರೆ? ಕೇಳಲು ಬಾಯಿ ಬರಲಿಲ್ಲ. ಮೂರನೇ ವಿಸಿಟ್‌ಗೆ ಮಗಳೇ ಡಾಕ್ಟರನ್ನು ಕೇಳಿಬಿಟ್ಟಳು. ಅವರು ಹಾಳೆಯ ಮೇಲೆ ಗೀಟು ಹಾಕಿ ತೋರಿಸಿದರು. 9 ಮತ್ತು 22ನೇ ಕ್ರೋಮೋಸೋಮುಗಳು ಒಂದೊಂದು ತುಂಡು ಅದಲುಬದಲು ಮಾಡಿಕೊಳ್ಳುತ್ತವೆ, ಅದು ಹುಟ್ಟಿದ ಮೇಲೆ ಮಜ್ಜೆಯಲ್ಲಿ ಆಗುವ ಎಡವಟ್ಟು, ಮಕ್ಕಳಿಗೆ ಹೋಗುವಂಥದ್ದಲ್ಲ. ಅವತ್ತು ವಾಪಸ್ ಬರುವಾಗ ಲೋಕಲ್‌ನಲ್ಲಿ ನಾನು ಎರಡು ವಡಾ ಪಾವ್ ತಿಂದೆ. ಹಾಗಾಗಿ 'ಧೈರ್ಯ ತಗೊಳ್ಳಿ ಅಪ್ಪಾ' ಅನ್ನುವ ಮೊದಲು ಅವರಿಗೆ ಯಾವುದರ ಭಯ ಅಂತ ಕೇಳಿ ನೋಡಿ. ಧೈರ್ಯ ತಗೋ ಅಂತ ನನಗೆ ಹೇಳಿದವರಿಗೆ ಲೆಕ್ಕವಿಲ್ಲ. ಎಲ್ಲಿಂದ ತಗೊಳ್ಳುವುದು ಅಂತ ಒಬ್ಬರೂ ಹೇಳಲಿಲ್ಲ.

ಒಬ್ಬ ಸಂಬಂಧಿಕರ ಮನೆಯಲ್ಲಿ ಎಲ್ಲರಿಗೂ ಸ್ಟೀಲ್ ಲೋಟದಲ್ಲಿ ಚಹಾ, ನನಗೆ ಮಾತ್ರ ಪೇಪರ್ ಕಪ್. ಮಗಳು 'ನನಗೂ ಪೇಪರ್ ಕಪ್ಪೇ ಕೊಡಿ' ಅಂದಳು. ಅಷ್ಟೇ ಅಂದದ್ದು. ಅವರ ಮುಖ ನೋಡಬೇಕಿತ್ತು.

ಇನ್ನು ಮಾತ್ರೆ. ಇಮ್ಯಾಟಿನಿಬ್, 400 ಮಿಲಿಗ್ರಾಂ, ದಿನಕ್ಕೊಂದು. ಹೊಟ್ಟೆ ತುಂಬ ಊಟ, ದೊಡ್ಡ ಲೋಟ ನೀರು, ಆಮೇಲೆ ಮಾತ್ರೆ. ಒಂದು ಕಾಲದಲ್ಲಿ ಕಂಪನಿ ಬ್ರ್ಯಾಂಡಿನದಕ್ಕೆ ತಿಂಗಳಿಗೆ ಲಕ್ಷ ದಾಟುತ್ತಿತ್ತು. 2013ರ ಏಪ್ರಿಲ್ 1ರಂದು ಸುಪ್ರೀಂ ಕೋರ್ಟ್ ಆ ಬ್ರ್ಯಾಂಡಿನ ಕಂಪನಿ ನೋವಾರ್ಟಿಸ್‌ನ ಪೇಟೆಂಟ್ ಅರ್ಜಿಯನ್ನು ತಳ್ಳಿಹಾಕಿತು. ಭಾರತದ ಕಂಪನಿಗಳ ಕಡಿಮೆ ಬೆಲೆಯ ಮಾತ್ರೆ ಹಾಗೇ ಉಳಿಯಿತು. ಗಲ್ಲಾದ ಮೇಲೆ ಕೂರುವ ನನ್ನಂಥವನು ಇವತ್ತು ಇದನ್ನು ಬರೆಯುತ್ತಿರುವುದಕ್ಕೆ ಆ ತೀರ್ಪೂ ಒಂದು ಕಾರಣ. (ಅಮ್ಮ ಊರಿಂದ ಚಕ್ಕೋತ ಕಳಿಸುತ್ತಿದ್ದರು. ಈ ಮಾತ್ರೆಗೂ ಆ ಜಾತಿಯ ಹಣ್ಣಿಗೂ ಆಗಿಬರುವುದಿಲ್ಲ, ನಿಲ್ಲಿಸಿದೆವು. ನಿಮ್ಮಲ್ಲೂ ಒಮ್ಮೆ ಕೇಳಿಕೊಳ್ಳಿ.)

ಅಡುಗೆಮನೆಯ ಗೋಡೆಯಲ್ಲಿ ನಮ್ಮದೊಂದು ಕನ್ನಡ ಕಾಲನಿರ್ಣಯ ಕ್ಯಾಲೆಂಡರ್. ಹಾಲಿನ ಲೆಕ್ಕಕ್ಕೆ ಹೆಂಡತಿ ಪ್ರತಿ ತಾರೀಖಿನ ಮೂಲೆಯಲ್ಲಿ '1' ಅಥವಾ '1½' ಅಂತ ಬರೆಯುತ್ತಾಳೆ. ನನ್ನ ಮಾತ್ರೆ ಶುರುವಾದ ಮೇಲೆ ಅದರ ಕೆಳಗೆ ಪೆನ್ಸಿಲ್‌ನಲ್ಲಿ ಒಂದು 'ಮಾ'. ಎರಡು ವರ್ಷ ಹಾಗೇ ನಡೆಯಿತು. ಕಾಯಿಲೆ ರಕ್ತದಲ್ಲಿ ಎಷ್ಟು ಉಳಿದಿದೆ ಅಂತ ತೋರಿಸುವ ಬಿಸಿಆರ್-ಎಬಿಎಲ್ ರಿಪೋರ್ಟ್ ಶೇಕಡಾ 0.1ಕ್ಕಿಂತ ಕೆಳಗಿಳಿದಿತ್ತು. ಡಾಕ್ಟರಿಗೂ ಖುಷಿ.

ಆಮೇಲೆ ನಾನು ಕೆಟ್ಟೆ. ರಾತ್ರಿ ಮೀನಖಂಡ ಹಿಡಿದುಕೊಂಡು ನಿದ್ದೆ ಇರುತ್ತಿರಲಿಲ್ಲ, ಬೆಳಿಗ್ಗೆ ಕಣ್ಣ ಸುತ್ತ ಬಾವು. ಗಿರಾಕಿಗಳು 'ಏನಣ್ಣ, ರಾತ್ರಿ ಜಾಸ್ತಿ ಆಯ್ತಾ' ಅಂತ ನಗುತ್ತಿದ್ದರು. ನಂಬರ್ ಚೆನ್ನಾಗಿದೆಯಲ್ಲ ಅಂತ ಎರಡು ದಿನಕ್ಕೊಮ್ಮೆ ಮಾತ್ರೆ ಬಾಯಿಗೆ ಹಾಕಿದ ಹಾಗೆ ಮಾಡಿ ಅಂಗಿಯ ಜೇಬಿಗೆ ಇಳಿಸುತ್ತಿದ್ದೆ. ಸುಮಾರು ಎರಡು ತಿಂಗಳು. ಅವಳು ಪಾಪ, ದಿನಾ 'ಮಾ' ಬರೆಯುತ್ತಿದ್ದಳು. ಒಂದು ದಿನ ಬಟ್ಟೆ ನೆನೆಸುವಾಗ ಜೇಬಿನಿಂದ ಮೂರು ಮಾತ್ರೆ ಬಕೆಟ್ಟಿಗೆ ಬಿದ್ದವು. ನೀರೆಲ್ಲ ಹಳದಿ.

ಬೈಯಲಿಲ್ಲ. ರಬ್ಬರ್ ತಂದಳು. ಕುರ್ಚಿ ಹತ್ತಿ ಆ ಎರಡು ತಿಂಗಳ 'ಮಾ'ಗಳನ್ನು ಒಂದೊಂದಾಗಿ ಅಳಿಸಿದಳು. ಯಾವ ದಿನ ನುಂಗಿದ್ದೆ, ಯಾವ ದಿನ ಇಲ್ಲ ಅಂತ ನನಗೂ ಗೊತ್ತಿರಲಿಲ್ಲ, ಅದಕ್ಕೆ ಎಲ್ಲವನ್ನೂ. ಎರಡು ದಿನ ಮಾತಿಲ್ಲ. ಮುಂದಿನ ರಿಪೋರ್ಟ್‌ನಲ್ಲಿ 0.6 ಬಂತು. ಡಾಕ್ಟರಿಗೆ ಅವಳೇ ಎಲ್ಲ ಹೇಳಿದಳು. ಕಾಲು ನೋವಿಗೆ ಅವರ ಹತ್ತಿರ ದಾರಿ ಇತ್ತು, ಕೇಳಿದ್ದರೆ ಮೊದಲೇ ಕೊಡುತ್ತಿದ್ದರಂತೆ. ನಂಬರ್ ಮತ್ತೆ ಕೆಳಗಿಳಿಯಲು ಎಂಟು ತಿಂಗಳು ಹಿಡಿಯಿತು.

ಆ ಎಂಟು ತಿಂಗಳಲ್ಲಿ ಇನ್ನೊಂದು ಗೊತ್ತಾಯಿತು. ಅವಳಿಗೆ ಬಿಪಿ ಮಾತ್ರೆ ಇದೆ. ನನ್ನ ಗಡಿಬಿಡಿಯಲ್ಲಿ ಅವಳು ಅದನ್ನು ವಾರದಲ್ಲಿ ಮೂರು ದಿನ ಮರೆಯುತ್ತಿದ್ದಳು. ಅಪ್ಪನನ್ನು ನೋಡಿಕೊಳ್ಳುವ ನಿಮ್ಮ ಅಮ್ಮನನ್ನೂ ಸ್ವಲ್ಪ ಗಮನಿಸಿ.

ನಮ್ಮ ಕಾಲನಿರ್ಣಯದಲ್ಲಿ ಈಗ ಹಾಲಿನ ಕೆಳಗೆ ಎರಡು ಅಕ್ಷರ. 'ಮಾ' ಅವಳು ಬರೆಯುತ್ತಾಳೆ, ನಾನು ಬಾಯಿ ತೆರೆದು ತೋರಿಸಿದ ಮೇಲೆ. 'ಬಿ' ನಾನು ಬರೆಯುತ್ತೇನೆ. ಅವಳೂ ಬಾಯಿ ತೆರೆದು ತೋರಿಸಬೇಕು, ಅದು ನನ್ನ ಷರತ್ತು.