ಟನಲ್ ನಿಂತಿರುವಾಗ ಏನು ಮಾಡ್ತೀರಿ?

ಹೋದ ಸಂಚಿಕೆಯಲ್ಲಿ ವಿಂಡ್ ಟನಲ್ ಬಗ್ಗೆ ಬರೆದಿದ್ದೆ. ದೊಡ್ಡ ಫ್ಯಾನ್ ಇಟ್ಟು, ಕೊಳವೆಯೊಳಗೆ ಗಾಳಿ ಹಾಯಿಸಿ, ನಡುವೆ ರೆಕ್ಕೆಯ ಮಾದರಿ ಕೂರಿಸಿ ಅಳೆಯುವ ವ್ಯವಸ್ಥೆ ಅದು. ಆದರೆ ಬಂದ ಪತ್ರಗಳಲ್ಲಿ ಜಾಸ್ತಿ ಪ್ರಶ್ನೆ ಇರುವುದು ಯಂತ್ರದ ಬಗ್ಗೆ ಅಲ್ಲ, ಅದರ ಸುತ್ತ ಓಡಾಡುವ ಜನರ ಬಗ್ಗೆ. ನಾನೂ ಒಂದಷ್ಟು ವರ್ಷ ಅಂಥ ಲ್ಯಾಬಿನಲ್ಲಿ ಕಳೆದವನು. ಕೇಳಿದ್ದು ಒಳ್ಳೆಯದೇ ಆಯ್ತು.

ಪ್ರಶ್ನೆ: ಯೂನಿವರ್ಸಿಟಿಯ ಏರೋಸ್ಪೇಸ್ ಲ್ಯಾಬ್ ಅಂದರೆ ಅಲ್ಲಿ ರಾಕೆಟ್ ಕಟ್ಟುತ್ತಾರಾ? ಯಾರ್ಯಾರು ಇರುತ್ತಾರೆ?

ಉತ್ತರ: ಇಡೀ ರಾಕೆಟ್ ಕಟ್ಟುವವರು ಕಡಿಮೆ. ಹೆಚ್ಚಿನವರು ಒಂದು ಸಣ್ಣ ಪ್ರಶ್ನೆಯ ಬೆನ್ನು ಬಿದ್ದಿರುತ್ತಾರೆ. ರೆಕ್ಕೆಗೆ ಅಂಟಿಕೊಂಡು ಹರಿಯುವ ಗಾಳಿ ಎಲ್ಲಿ ಬಿಟ್ಟುಕೊಳ್ಳುತ್ತದೆ, ಇಂಜಿನ್ನಿನೊಳಗೆ ಉರಿ ಯಾಕೆ ಆರಿಹೋಗುತ್ತದೆ, ಇಂಥವು. ಜನ ಅಂದರೆ, ಮೊದಲು ಪ್ರೊಫೆಸರ್. ಅವರ ಹಗಲೆಲ್ಲ ಪಾಠಕ್ಕೆ, ಮೀಟಿಂಗಿಗೆ, ದುಡ್ಡು ಕೇಳಿ ಬರೆಯುವ ಪ್ರಪೋಸಲ್‌ಗಳಿಗೆ ಹೋಗುತ್ತದೆ, ಸಂಜೆ ಬಾಗಿಲಲ್ಲೇ ನಿಂತು "ಡೇಟಾ ಬಂತಾ?" ಅಂತ ಕೇಳಿ ಹೋಗುತ್ತಾರೆ. ಡೇಟಾ ತರಬೇಕಾದವರು ಪಿಎಚ್‌ಡಿ ವಿದ್ಯಾರ್ಥಿಗಳು. ಪಿಎಚ್‌ಡಿ ಮುಗಿಸಿ ಒಂದೆರಡು ವರ್ಷಕ್ಕೆ ಬಂದುಹೋಗುವ ಪೋಸ್ಟ್‌ಡಾಕ್‌ಗಳು ಇರುತ್ತಾರೆ, ಪ್ರಾಜೆಕ್ಟ್ ಮುಗಿಸುವ ಗಡಿಬಿಡಿಯಲ್ಲಿರುವ ಮಾಸ್ಟರ್ಸ್ ಹುಡುಗ ಹುಡುಗಿಯರು ಇರುತ್ತಾರೆ.

ಇವರೆಲ್ಲರಿಗಿಂತ ಮುಖ್ಯ ಅಂತ ನನಗನ್ನಿಸುವುದು ವರ್ಕ್‌ಶಾಪಿನ ಟೆಕ್ನಿಷಿಯನ್. ಒಂದು ಸಲ ನನ್ನ ರೆಕ್ಕೆ ಮಾದರಿಯಲ್ಲಿ ಒತ್ತಡ ಅಳೆಯಲು ಸಾಲಾಗಿ ಅರ್ಧ ಮಿಲಿಮೀಟರಿನ ತೂತುಗಳಿದ್ದವು. ಗ್ರಾಫಿನಲ್ಲಿ ಒಂಬತ್ತನೇ ತೂತಿನ ಹತ್ತಿರ ಮಾತ್ರ ಒಂದು ಗೂನು. ಗಾಳಿ ಅಲ್ಲೇನೋ ಹೊಸ ಆಟ ಆಡ್ತಿದೆ ಅಂತ ಮೂರು ದಿನ ಸಂಶೋಧನಾ ಪೇಪರ್‌ಗಳನ್ನು ಓದಿದೆ, ನಾನು ಬರೆಯಲಿರುವ ಪೇಪರಿಗೆ ಮನಸ್ಸಿನಲ್ಲೇ ಶೀರ್ಷಿಕೆಯನ್ನೂ ಬರೆದುಕೊಂಡೆ. ಟೆಕ್ನಿಷಿಯನ್ ಬಂದರು, ಮಾದರಿಯ ಮೇಲೆ ಉಗುರು ಎಳೆದರು, ಒಂಬತ್ತನೇ ತೂತಿನ ಹತ್ತಿರ ಉಗುರು ತಡೆಯಿತು. "ಬರ್ ಉಳಿದಿದೆ ಸಾರ್" ಅಂದರು. ಡ್ರಿಲ್ ಮಾಡಿದಾಗ ಅಂಚಿನಲ್ಲಿ ಏಳುವ ಲೋಹದ ಚಿಕ್ಕ ಚೂರು ಅದು. ಉಜ್ಜಿದರು, ಗೂನು ಹೋಯಿತು. ನನ್ನ ಪೇಪರೂ ಹೋಯಿತು.

ಪ್ರಶ್ನೆ: ಪ್ರೊಫೆಸರುಗಳ ಪರಿಚಯದಲ್ಲಿ "ಆಸಕ್ತಿ: ಬೌಂಡರಿ ಲೇಯರ್, ಟರ್ಬುಲೆನ್ಸ್, ಏರೋಎಲಾಸ್ಟಿಸಿಟಿ" ಅಂತೆಲ್ಲ ಬರೆದಿರುತ್ತಾರೆ. ಸಾಮಾನ್ಯರಿಗೆ ಅರ್ಥವಾಗುವ ಹಾಗೆ ಹೇಳ್ತೀರಾ?

ಉತ್ತರ: ಫ್ಯಾನಿನ ರೆಕ್ಕೆ ನೋಡಿ. ಅಷ್ಟು ಜೋರಾಗಿ ತಿರುಗಿದರೂ ಅದರ ಮೇಲೆ ಧೂಳು ಕೂತೇ ಇರುತ್ತದೆ, ಅಲ್ವಾ? ಮೇಲ್ಮೈಗೆ ತಾಗಿದ ಗಾಳಿ ಅದರ ಜೊತೆಗೇ ಅಂಟಿಕೊಂಡಿರುತ್ತದೆ, ಸ್ವಲ್ಪ ದೂರ ಹೋದಂತೆ ಪೂರ್ತಿ ವೇಗ ಸಿಗುತ್ತದೆ. ನಡುವಿನ ಆ ತೆಳು ಪದರವೇ ಬೌಂಡರಿ ಲೇಯರ್. 1904ರಲ್ಲಿ ಜರ್ಮನಿಯ ಲುಡ್ವಿಗ್ ಪ್ರಾಂಟ್ಲ್ ಇದನ್ನು ಗಣಿತಜ್ಞರ ಸಮ್ಮೇಳನದಲ್ಲಿ ವಿವರಿಸಿದರು. ವಿಮಾನದ ಇಂಧನ ಎಷ್ಟು ಉರಿಯುತ್ತದೆ ಅನ್ನುವುದರಲ್ಲಿ ಈ ಪದರದ ಪಾತ್ರ ದೊಡ್ಡದು. ಪದರ ನಯವಾಗಿ ಹರಿದರೆ ಉಜ್ಜಾಟ ಕಡಿಮೆ, ಕಲಕಿಹೋದರೆ ಜಾಸ್ತಿ. ಆ ಕಲಕಾಟವೇ ಟರ್ಬುಲೆನ್ಸ್. ಹಾಗಂತ ಅದು ಬರೀ ಕೆಟ್ಟದ್ದಲ್ಲ, ಕಲಕಿದ ಪದರ ರೆಕ್ಕೆಯನ್ನು ಅಷ್ಟು ಬೇಗ ಬಿಟ್ಟುಹೋಗುವುದಿಲ್ಲ. ಯಾವಾಗ ಯಾವುದು ಬೇಕು, ಅದನ್ನು ನಮಗೆ ಬೇಕಾದ ಹಾಗೆ ಮಾಡಿಸೋದು ಹೇಗೆ ಅನ್ನುವುದರ ಮೇಲೇ ಎಷ್ಟೋ ಲ್ಯಾಬ್‌ಗಳು ಬದುಕಿವೆ.

ಏರೋಎಲಾಸ್ಟಿಸಿಟಿ ಅಂದರೆ ಗಾಳಿಗೂ ಬಾಗುವ ವಸ್ತುವಿಗೂ ನಡೆಯುವ ಜಗಳ. ಗಾಳಿ ರೆಕ್ಕೆಯನ್ನು ತಿರುಚುತ್ತದೆ, ತಿರುಚಿದ ರೆಕ್ಕೆ ಗಾಳಿಯ ಬಲವನ್ನು ಬದಲಿಸುತ್ತದೆ, ಲೆಕ್ಕ ತಪ್ಪಿದರೆ ನಡುಕ ಏರುತ್ತಾ ಏರುತ್ತಾ ರೆಕ್ಕೆಯೇ ಮುರಿಯುತ್ತದೆ. ಇದಕ್ಕೆ ಫ್ಲಟರ್ ಅನ್ನುತ್ತಾರೆ. 1940ರ ನವೆಂಬರ್‌ನಲ್ಲಿ ಅಮೆರಿಕದ ಟಕೋಮಾ ನ್ಯಾರೋಸ್ ಸೇತುವೆ ಗಂಟೆಗೆ ಸುಮಾರು 64 ಕಿಲೋಮೀಟರ್ ಗಾಳಿಗೆ ತಿರುಚಾಡಿ ಕುಸಿದದ್ದೂ ಇದೇ ಜಾತಿಯ ಕಾಯಿಲೆಯಿಂದ. ಅದರ ತನಿಖೆಗೆ ಕೂತ ಮೂವರಲ್ಲಿ ಒಬ್ಬರು ಥಿಯೊಡೋರ್ ಫಾನ್ ಕಾರ್ಮಾನ್, ವಿಮಾನಶಾಸ್ತ್ರದವರು. ಸೇತುವೆ ಬಿದ್ದಾಗ ವಿಮಾನದವರನ್ನು ಕರೆದದ್ದು ಸುಮ್ನೆ ಅಲ್ಲ.

ಪ್ರಶ್ನೆ: ಇಷ್ಟು ಶಕ್ತಿಯ ಕಂಪ್ಯೂಟರ್‌ಗಳಿವೆ. ಇನ್ನೂ ಗಾಳಿ ಊದಿ ನೋಡಬೇಕಾ?

ಉತ್ತರ: ನಮ್ಮ ಲ್ಯಾಬಿನಲ್ಲಿ ದಿನಾ ನಡೆಯುತ್ತಿದ್ದ ಜಗಳ ಇದು. ಸಿಮ್ಯುಲೇಷನ್ ಮಾಡುವವರು ಕಿಟಕಿ ಪಕ್ಕ, ನಾವು ಟನಲ್ ಪಕ್ಕ. ಹರಿವಿನಲ್ಲಿ ದೊಡ್ಡ ಸುಳಿಗಳ ಒಳಗೆ ಚಿಕ್ಕವು, ಅವುಗಳ ಒಳಗೆ ಇನ್ನೂ ಚಿಕ್ಕವು ಇರುತ್ತವೆ. ಹಾರುವ ವಿಮಾನದ ಸುತ್ತ ಎಲ್ಲವನ್ನೂ ಬಿಡದೆ ಲೆಕ್ಕ ಹಾಕುವುದು ಇವತ್ತಿನ ಕಂಪ್ಯೂಟರಿಗೂ ಆಗದ ಕೆಲಸ. ಹಾಗಾಗಿ ಚಿಕ್ಕ ಸುಳಿಗಳನ್ನು ಅಂದಾಜಿನ ಸೂತ್ರಕ್ಕೆ ಬಿಡುತ್ತಾರೆ, ಆ ಅಂದಾಜು ಸರಿಯೋ ಇಲ್ಲವೋ ಅಂತ ಅಳೆದೇ ನೋಡಬೇಕು. ರೈಟ್ ಸಹೋದರರಿಗೂ ಇದೇ ತಲೆನೋವು ಬಂದಿತ್ತು. ಅವರ ಗ್ಲೈಡರ್‌ಗಳು ಆಗಿನ ಕೋಷ್ಟಕಗಳಿಂದ ಹಾಕಿದ ಲೆಕ್ಕದಷ್ಟು ಮೇಲೇಳಲಿಲ್ಲ. 1901ರಲ್ಲಿ ಆರಡಿ ಉದ್ದದ ಮರದ ಪೆಟ್ಟಿಗೆಯನ್ನೇ ಟನಲ್ ಮಾಡಿಕೊಂಡು, ಸೈಕಲ್ ಕಡ್ಡಿಗಳಿಂದ ತಕ್ಕಡಿ ಕಟ್ಟಿ, ಸುಮಾರು ಇನ್ನೂರು ರೆಕ್ಕೆ ಆಕಾರಗಳನ್ನು ತಾವೇ ಅಳೆದರು.

ಆದರೆ ನಾವು ಅಳೆದದ್ದೇ ಸತ್ಯ ಅಂತ ಬೀಗುವ ಹಾಗೂ ಇಲ್ಲ. ಹಾಟ್‌ವೈರ್ ಅಂತ ಒಂದು ಉಪಕರಣ ಇದೆ, ಸುಮಾರು 5 ಮೈಕ್ರಾನ್ ದಪ್ಪದ, ಕೂದಲಿಗಿಂತ ಹತ್ತು ಪಟ್ಟು ತೆಳುವಾದ ತಂತಿಯನ್ನು ಕಾಯಿಸಿ ಗಾಳಿಗೆ ಒಡ್ಡುವುದು, ತಂಪಾಗದಂತೆ ಹಿಡಿಯಲು ಎಷ್ಟು ವಿದ್ಯುತ್ ಬೇಕಾಯಿತು ಅಂತ ನೋಡಿ ವೇಗ ಕಂಡುಹಿಡಿಯುವುದು. ರೂಮಿನ ಬಿಸಿ ಎರಡು ಡಿಗ್ರಿ ಏರಿದರೂ ಅಳತೆ ಜಾರುತ್ತದೆ. ಮಧ್ಯಾಹ್ನ ಕ್ಯಾಲಿಬ್ರೇಷನ್ ಮಾಡಿ, ಅಂದರೆ ಗೊತ್ತಿರುವ ವೇಗಕ್ಕೆ ತಂತಿಯ ಅಳತೆ ಹೊಂದಿಸಿ, ಸಂಜೆ ತಂತಿ ಮುರಿದು, ರಾತ್ರಿ ಹೊಸದು ಹಾಕಿ ಮೊದಲಿಂದ ಶುರು ಮಾಡಿದ ದಿನಗಳು ನನಗೆ ಲೆಕ್ಕವಿಲ್ಲ.

ಪ್ರಶ್ನೆ: ಶಬ್ದಕ್ಕಿಂತ ವೇಗದ ಗಾಳಿಯನ್ನೂ ಲ್ಯಾಬಿನಲ್ಲಿ ಮಾಡಬಹುದಾ?

ಉತ್ತರ: ಮಾಡ್ತಾರೆ, ಆದರೆ ಜೇನುತುಪ್ಪ ನೆಕ್ಕಿದಷ್ಟೇ. ಎಷ್ಟೋ ಕಡೆ ದೊಡ್ಡ ಟ್ಯಾಂಕಿಗೆ ಗಾಳಿ ತುಂಬಿಸುತ್ತಾ ಕಾಯಬೇಕು, ವಾಲ್ವ್ ತೆರೆದರೆ ಕೆಲವು ಸೆಕೆಂಡಿನಲ್ಲಿ ಮುಗಿಯಿತು. ಇನ್ನೂ ಜಾಸ್ತಿ ವೇಗದ ಶಾಕ್ ಟನಲ್‌ಗಳಲ್ಲಿ ಸಿಗುವುದು ಮಿಲಿಸೆಕೆಂಡುಗಳು ಮಾತ್ರ. ಕ್ಯಾಮೆರಾ ಟ್ರಿಗರ್ ತಪ್ಪಿದರೆ ಆ ದಿನ ಹೋದಂತೆ. ಶಬ್ದಕ್ಕಿಂತ ವೇಗದ ಹರಿವಿನಲ್ಲಿ ಗಾಳಿ ಥಟ್ಟನೆ ಒತ್ತಿಕೊಳ್ಳುವ ಜಾಗವೇ ಆಘಾತ ಅಲೆ. ಅಲ್ಲಿ ಬಾಗುವ ಬೆಳಕನ್ನು ಕನ್ನಡಿ, ಚೂರಿಯ ಅಂಚು ಇಟ್ಟು ಚಿತ್ರವಾಗಿಸುವ ಶ್ಲೀರೆನ್ ವಿಧಾನ 1860ರ ದಶಕದ್ದು, ಭೌತವಿಜ್ಞಾನಿ ಎರ್ನ್ಸ್ಟ್ ಮಾಖ್ ಹಾರುವ ಗುಂಡಿನ ಮುಂದಿನ ಅಲೆಯ ಚಿತ್ರ ಪ್ರಕಟಿಸಿದ್ದು 1887ರಲ್ಲಿ. ಇವತ್ತಿಗೂ ಅದೇ ಕನ್ನಡಿ, ಅದೇ ಚೂರಿಯ ಅಂಚು.

ಪ್ರಶ್ನೆ: ಪಿಎಚ್‌ಡಿಗೆ ಲ್ಯಾಬ್ ಹುಡುಕುತ್ತಿದ್ದೇನೆ. ಓದಿದ್ದು ಮೆಕ್ಯಾನಿಕಲ್. ಏನು ನೋಡಿ ಆರಿಸಬೇಕು?

ಉತ್ತರ: ಮೆಕ್ಯಾನಿಕಲ್ ಆದರೇನೂ ತೊಂದರೆ ಇಲ್ಲ, ಫಿಸಿಕ್ಸ್ ಓದಿದವರೂ ಬರುತ್ತಾರೆ. ಆಸಕ್ತಿಗಳ ಪಟ್ಟಿಯನ್ನು ಮಾತ್ರ ನಂಬಬೇಡಿ, ಹತ್ತು ವರ್ಷದ ಹಿಂದೆ ಬರೆದದ್ದು ಹಾಗೇ ಉಳಿದಿರುತ್ತದೆ. ಕಳೆದ ಎರಡು ಮೂರು ವರ್ಷದ ಪೇಪರ್‌ಗಳನ್ನು ತೆಗೆದು, ಲೇಖಕರ ಪಟ್ಟಿಯಲ್ಲಿ ಮೊದಲ ಹೆಸರು ವಿದ್ಯಾರ್ಥಿಯದೋ ನೋಡಿ. ಪ್ರೊಫೆಸರ್ ಜೊತೆ ಅರ್ಧ ಗಂಟೆ ಮಾತಾಡಿದರೆ, ಅಲ್ಲಿನ ವಿದ್ಯಾರ್ಥಿಗಳ ಜೊತೆ ಎರಡು ಗಂಟೆ ಕೂತುಕೊಳ್ಳಿ. ಯಾವ ಉಪಕರಣ ಕೆಟ್ಟು ಎಷ್ಟು ದಿನವಾಯ್ತು, ರಿಪೇರಿ ಯಾರು ಮಾಡ್ತಾರೆ, ಮೂರನೇ ವರ್ಷದಲ್ಲಿ ಬಿಟ್ಟುಹೋದವರು ಯಾಕೆ ಹೋದರು ಅಂತ ಕೇಳಿ. ಉತ್ತರ ಕೊಡೋ ಮೊದಲು ಅವರು ಬಾಗಿಲ ಕಡೆ ನೋಡಿದರೆ ನೀವೂ ಬಾಗಿಲ ಕಡೆ ನೋಡಿ.

ಪ್ರಶ್ನೆ: ನಾವು ಹೊರಗಿನವರು. ಸುಮ್ನೆ ಹೋಗಿ ನೋಡಬಹುದಾ?

ಉತ್ತರ: ಎಷ್ಟೋ ವಿಭಾಗಗಳು ವರ್ಷಕ್ಕೊಮ್ಮೆ ಬಾಗಿಲು ತೆರೆದಿಡುತ್ತವೆ, ಕೇಳಿ ನೋಡಿ. ಮುಚ್ಚಿದ ಶೂ ಹಾಕಿಕೊಂಡು, ಉದ್ದ ಕೂದಲು ಕಟ್ಟಿಕೊಂಡು ಹೋಗಿ. ನೀವು ಹೋದ ದಿನ ಟನಲ್ ನಿಂತಿದ್ದರೆ ಬೇಜಾರು ಮಾಡಿಕೊಳ್ಳಬೇಡಿ. ಅದು ಓಡುತ್ತಿದ್ದರೆ ಸದ್ದಿಗೆ ಒಬ್ಬರ ಮಾತು ಇನ್ನೊಬ್ಬರಿಗೆ ಕೇಳಿಸುವುದಿಲ್ಲ, ನಿಂತಾಗಲೇ ಎಲ್ಲರೂ ಮಾತಿಗೆ ಸಿಗುವುದು.